ಗೋಡೆಯ ಮೇಲಿನ ಸಾಕ್ಷ್ಯ

ಊರಿನ ಚರಿತ್ರೆಯನ್ನು ಬರೆಯುವವರು ಯಾರು, ಅದರಲ್ಲಿ ಬಿಟ್ಟುಹೋದವರು ಯಾರು ಎಂಬ ಪ್ರಶ್ನೆ ಇತಿಹಾಸಕಾರನದು ಮಾತ್ರವಲ್ಲ, ಕಲಾವಿಮರ್ಶಕನದೂ ಹೌದು. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ, ಪ್ರವಾಹದ ಭಯದಿಂದ ಕಾಂಕ್ರೀಟಿನ ಕಾಲುವೆಯಾಗಿ ಮಾರ್ಪಟ್ಟ ಟುಹಂಗಾ ಹಳ್ಳದ ಗೋಡೆಯ ಮೇಲಿರುವ ‘ಮಹಾಭಿತ್ತಿ’ ಈ ಪ್ರಶ್ನೆಗೆ ಬಣ್ಣದಲ್ಲಿ ಕೊಟ್ಟ ಉತ್ತರ. ಜೂಡಿತ್ ಬಾಕಾ ಎಂಬ ಕಲಾವಿದೆಯ ನೇತೃತ್ವದಲ್ಲಿ, 1976ರಿಂದ 1983ರವರೆಗಿನ 5 ಬೇಸಗೆಗಳಲ್ಲಿ, 400ಕ್ಕೂ ಮಿಕ್ಕ ತರುಣ ತರುಣಿಯರು ಕೂಡಿ ಬರೆದ ಈ ಚಿತ್ರದ ಉದ್ದ 2,754 ಅಡಿ.

ಇದೇ ನಗರದಲ್ಲಿ 1932ರಲ್ಲಿ ಮೆಕ್ಸಿಕೋದ ಸಿಕೇರೋಸ್ ಬರೆದ ಭಿತ್ತಿಚಿತ್ರಕ್ಕೆ ಕೆಲವೇ ವರ್ಷಗಳಲ್ಲಿ ಸುಣ್ಣ ಬಳಿಯಲಾಯಿತೆಂಬುದನ್ನು ನೆನೆದರೆ ಬಾಕಾ ಅವರ ಸಾಹಸದ ಬೆಲೆ ತಿಳಿಯುತ್ತದೆ. ಚೂಮಾಷ್ ಮೂಲನಿವಾಸಿಗಳು, ರೈಲುಹಾದಿ ಹಾಕಿದ ಚೀನೀ ಕೂಲಿಗಳು, 1930ರ ದಶಕದಲ್ಲಿ ಗಡಿಯಾಚೆಗೆ ಅಟ್ಟಲ್ಪಟ್ಟ ಮೆಕ್ಸಿಕನ್ನರು, ಯುದ್ಧಕಾಲದಲ್ಲಿ ಶಿಬಿರಗಳಿಗೆ ತಳ್ಳಲ್ಪಟ್ಟ ಜಪಾನೀ ಮೂಲದ ನಾಗರಿಕರು — ಪಠ್ಯಪುಸ್ತಕದ ಅಂಚಿನಲ್ಲಿಯೂ ಸ್ಥಳ ಸಿಗದಿದ್ದವರು ಇಲ್ಲಿ ಕಥಾನಾಯಕರು.

ಆದರೆ ವಸ್ತು ದೊಡ್ಡದಾದ ಮಾತ್ರಕ್ಕೆ ಕೃತಿ ದೊಡ್ಡದಾಗಲಾರದು. 1976ರ ಮೊದಲ 1,000 ಅಡಿಗಳಲ್ಲಿ ಆದಿಕಾಲದಿಂದ 1910ರವರೆಗಿನ ಕಥೆಯೆಲ್ಲ ಓಡಿಹೋಗುತ್ತದೆ. ಬೇರೆ ಬೇರೆ ಕಲಾವಿದರು ಹಂಚಿಕೊಂಡು ಬರೆದುದರಿಂದ ಚಿತ್ರಗಳು ದಾರವಿಲ್ಲದ ಮಣಿಗಳಂತೆ ಬಿಡಿಬಿಡಿಯಾಗಿ ತೋರುತ್ತವೆ. ಮುಂದಿನ ಬೇಸಗೆಗಳಲ್ಲಿ ಒಂದೊಂದು ದಶಕಕ್ಕೆ ಸುಮಾರು 350 ಅಡಿ ಮೀಸಲಾದಾಗ ಕಥನಕ್ಕೆ ಉಸಿರು ಬಂದಿತು. ಒಂದು ಪ್ರಸಂಗ ಇನ್ನೊಂದರೊಳಕ್ಕೆ ಹರಿಯತೊಡಗಿತು. ಚಾವೇಜ್ ರವೀನ್ ಪ್ರಸಂಗವನ್ನೇ ನೋಡಿರಿ. ಅಲ್ಲಿಯ ನಿವಾಸಿಗಳನ್ನು ಎಬ್ಬಿಸಿದ ನೆಲದಲ್ಲಿ 1962ರಲ್ಲಿ ಬೇಸ್‌ಬಾಲ್ ಕ್ರೀಡಾಂಗಣ ತೆರೆಯಿತು. ಚಿತ್ರದಲ್ಲಿ ಆ ಕ್ರೀಡಾಂಗಣ ಆಕಾಶದಿಂದಿಳಿಯುವ ಅನ್ಯಲೋಕದ ನೌಕೆಯಂತಿದೆ. ಹೆದ್ದಾರಿಯ ಕಂಬಗಳು ಹಾವಿನಂತೆ ಸುತ್ತಿ ಒಂದು ಕುಟುಂಬವನ್ನು ಸೀಳಿವೆ. ಇಲ್ಲಿ ವಾದವಿಲ್ಲ, ಧ್ವನಿಯಿದೆ.

ನಮ್ಮ ವೀರಗಲ್ಲುಗಳನ್ನು ಕಂಡವರಿಗೆ ಈ ಕಲೆಯ ಜಾತಿ ಅಪರಿಚಿತವಲ್ಲ. ತುರುಗಳನ್ನು ಕಾಯುತ್ತ ಮಡಿದ ಸಾಮಾನ್ಯನೂ ಊರಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಾನೆ. ಭೇದವೂ ಗಮನಾರ್ಹ. ವೀರಗಲ್ಲು ಕೆಳಗಿನಿಂದ ಮೇಲಕ್ಕೆ ಓದತಕ್ಕದ್ದು. ಕಾಳಗದಲ್ಲಿ ಬಿದ್ದವನನ್ನು ಅಪ್ಸರೆಯರು ಸ್ವರ್ಗಕ್ಕೊಯ್ಯುತ್ತಾರೆ. ಮಹಾಭಿತ್ತಿ ನೆಲದ ಉದ್ದಕ್ಕೂ ಸಾಗುತ್ತದೆ. ಒಕ್ಕಲೆದ್ದವರಿಗೆ ಅಲ್ಲಿ ಸ್ವರ್ಗದ ಸಮಾಧಾನವಿಲ್ಲ. ಆ ನಿಷ್ಠುರತೆಯೇ ಅದರ ಶಕ್ತಿಯೆಂದು ನನ್ನ ಮತ.

ಇನ್ನೊಂದು ಮಾತು. ಬರೆದ ತರುಣರಲ್ಲಿ ಕೆಲವರು ಬಾಲಾಪರಾಧಿಗಳೆಂದು ನ್ಯಾಯಾಲಯ ಕಂಡವರು. ಅವರಿಗೆ ಈ ಕೆಲಸಕ್ಕೆ ಕೂಲಿ ಸಂದಿತು. ಲೆಕ್ಕಪತ್ರಗಳ ನಡುವೆ ಬದುಕುವ ನನಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ನೆನಪನ್ನು ದುಡಿಮೆಯೆಂದು ಗಣಿಸಿದ ಸಮಾಜ ಆ ನೆನಪನ್ನು ಅಷ್ಟು ಸುಲಭವಾಗಿ ಸುಣ್ಣದಿಂದ ಅಳಿಸಲಾರದು. ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು, ಈ ಮುಂಬಯಿಯನ್ನು ಕಟ್ಟಿದವರಲ್ಲಿ ನಮ್ಮವರೂ ಇದ್ದರು. ಅವರ ಸಾಕ್ಷ್ಯಕ್ಕೆ ಗೋಡೆಯನ್ನು ಹುಡುಕಬೇಕಾದವರು ನಾವೇ ಅಲ್ಲವೆ?