ಮಿದುಳಿನ ಮೇಲೆ ಮಲಗಿದ ಪುಟ್ಟ ಮನುಷ್ಯ

ಕತೆ ಕವಿತೆಗಳಿಗೆ ವಿಮರ್ಶೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಪಠ್ಯಪುಸ್ತಕದ ಚಿತ್ರಕ್ಕೆ ಬರೆಯುವವರಿಲ್ಲ. ಆದರೆ ಕೆಲವು ಚಿತ್ರಗಳು ಕಾದಂಬರಿಗಿಂತ ಗಟ್ಟಿಯಾಗಿ ತಲೆಯಲ್ಲಿ ಕೂತುಬಿಡುತ್ತವೆ. ‘ಹೋಮಂಕ್ಯುಲಸ್’ ಅಂಥದ್ದೊಂದು. ಮಿದುಳಿನ ಹೋಳಿನ ಅಂಚಿಗೆ ಒಬ್ಬ ಪುಟ್ಟ ಮನುಷ್ಯ ತಲೆಕೆಳಗಾಗಿ ಮಲಗಿದ್ದಾನೆ. ನೆತ್ತಿಯ ಕಡೆ ಕಾಲು, ನಡುವೆ ಗೆರಸೆಯಷ್ಟು ದೊಡ್ಡ ಕೈ, ಕೆಳಗೆ ದಪ್ಪ ತುಟಿ, ನಾಲಿಗೆ. ಕೈಯಲ್ಲಿ ಒಂದೊಂದು ಬೆರಳಿಗೂ ಒಂದೊಂದು ಜಾಗ, ಬೆಂಚಿನ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿದ ಹಾಗೆ.

ಇದರ ಮೂಲ ಕೆನಡಾದ ಮಾಂಟ್ರಿಯಲ್. ಅಪಸ್ಮಾರದ ರೋಗಿಗಳಿಗೆ ಎಚ್ಚರವಿರುವಾಗಲೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ವೈಲ್ಡರ್ ಪೆನ್‌ಫೀಲ್ಡ್, ಮಿದುಳಿಗೆ ಸಣ್ಣ ವಿದ್ಯುತ್ತು ಮುಟ್ಟಿಸಿ ಯಾವ ಅಂಗ ಅಲುಗುತ್ತದೆ ಅಂತ ಬರೆದಿಟ್ಟರು. 1937ರಲ್ಲಿ ಬೋಲ್ಡ್ರಿ ಜೊತೆ ಪ್ರಬಂಧ ಬಂತು, 1950ರಲ್ಲಿ ರಾಸ್ಮುಸೆನ್ ಜೊತೆ ಪುಸ್ತಕ. ನಾವು ನೋಡುವುದು ಆ ಪುಸ್ತಕದ ಚಿತ್ರವನ್ನು. ಚಿತ್ರ ಬರೆದಾಕೆ ಕ್ಯಾಂಟ್ಲಿ ಎಂಬ ಕಲಾವಿದೆ. ಅದು ಕರಾರುವಾಕ್ಕಾದ ನಕ್ಷೆಯಲ್ಲ ಅಂತ ಪೆನ್‌ಫೀಲ್ಡರೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಎಲ್ಲೋ ಉದುರಿಹೋಯಿತು, ಚಿತ್ರ ಮಾತ್ರ ಉಳಿಯಿತು.

1992ರ ಹೊತ್ತಿಗೆ ತಲೆಬುರುಡೆ ತೆರೆಯದೆ ನೋಡುವ ದಾರಿ ಬಂತು, ಎಫ್‌ಎಂಆರ್‌ಐ. ಬೆರಳು ಆಡಿಸಿದರೆ ಪರದೆಯ ಮೇಲೆ ಕೆಂಪು ಚುಕ್ಕೆ. ಆ ಕೆಂಪು ನರಕೋಶಗಳ ಮಿಂಚು ಅಂತ ತಿಳಿಯಬಾರದು. ಕೋಶಗಳು ದುಡಿದ ಕಡೆಗೆ ಆಮ್ಲಜನಕ ತುಂಬಿದ ರಕ್ತ ಕೆಲವು ಸೆಕೆಂಡು ತಡವಾಗಿ ಹರಿಯುತ್ತದೆ, ಯಂತ್ರ ಹಿಡಿಯುವುದು ಅದನ್ನು. ಬಣ್ಣವೂ ಲೆಕ್ಕದ ಬಣ್ಣವೇ. ಮಿತಿಯನ್ನು ಏರಿಸಿದರೆ ಚುಕ್ಕೆ ಕುಗ್ಗುತ್ತದೆ, ಇಳಿಸಿದರೆ ಹರಡುತ್ತದೆ. ಪತ್ರಿಕೆಗಳಲ್ಲಿ ಅಚ್ಚಾಗುವಾಗ ಇದನ್ನು ಹೇಳುವವರು ಕಡಿಮೆ.

ಇನ್ನೂ ಒಂದು ತಕರಾರಿದೆ. ಯಂತ್ರದೊಳಗೆ ತಲೆ ಅಲುಗಿಸುವ ಹಾಗಿಲ್ಲ. ಮಲಗಿಕೊಂಡು ಬೆರಳು ತಟ್ಟಬೇಕು, ಮುಷ್ಟಿ ಹಿಡಿದು ಬಿಡಬೇಕು, ಹೆಚ್ಚಾಗಿ ಇಷ್ಟೇ. ನಮ್ಮ ಕಡೆ ಬೀಡಿ ಕಟ್ಟುವ, ಅಡಿಕೆ ಸುಲಿಯುವ ಕೈಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಒಂದು ಬೆರಳು ಒಂಟಿಯಾಗಿ ಮಾಡುವ ಕೆಲಸವೇ ಇಲ್ಲ.

ಮಿದುಳಿನಲ್ಲೂ ಹಾಗೆಯೇ ಅಂತ ಕೋತಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ ಶೀಬರ್ ಮತ್ತು ಹಿಬ್ಬರ್ಡ್ 1993ರಲ್ಲೇ ತೋರಿಸಿದ್ದರು. ಬೇರೆ ಬೇರೆ ಬೆರಳುಗಳನ್ನು ಆಡಿಸುವ ಕೋಶಗಳು ಒಂದರ ಜಾಗದಲ್ಲಿ ಇನ್ನೊಂದು ಸೇರಿಕೊಂಡು ಹರಡಿರುತ್ತವೆ. 2023ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗಾರ್ಡನ್, ಡೋಸೆನ್‌ಬಾಕ್ ಮತ್ತು ಸಂಗಡಿಗರು ಎಫ್‌ಎಂಆರ್‌ಐಯಿಂದಲೇ ಹಳೆಯ ಚಿತ್ರವನ್ನು ತಿದ್ದಿದರು. ಕಾಲು, ಕೈ, ಬಾಯಿಯ ಕೇಂದ್ರಗಳ ಸಾಲಿನಲ್ಲೇ ಬೇರೆ ಮೂರು ಪ್ರದೇಶಗಳಿವೆ; ಅವು ಒಂದೇ ಅಂಗದವಲ್ಲ, ಕೆಲಸವನ್ನು ಯೋಜಿಸುವ ಜಾಲಕ್ಕೆ ಹೆಣೆದುಕೊಂಡಂಥವು. ಕೈಯದ್ದಂತೂ ಸಾಲೇ ಅಲ್ಲ, ಉಂಗುರ: ನಡುವೆ ಬೆರಳುಗಳು, ಸುತ್ತ ಮಣಿಕಟ್ಟು, ಮೊಣಕೈ, ಭುಜ. ಹಾಗಂತ ಪೆನ್‌ಫೀಲ್ಡ್ ಪೂರ್ತಿ ಸುಳ್ಳು ಅನ್ನುವುದು ಅತಿಯಾಯಿತು. ಕಾಲು ಮೇಲೆ, ಕೈ ನಡುವೆ, ಬಾಯಿ ಕೆಳಗೆ ಎಂಬ ಕ್ರಮ ಈಗಲೂ ಅಲುಗಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಪಾರ್ಶ್ವವಾಯು ಬಡಿದ ಮನೆಗಳಲ್ಲಿ ಈ ಚಿತ್ರವೇ ಮಾತಾಡುತ್ತದೆ. “ಕೈಯ ಜಾಗ ಸತ್ತಿದೆ, ಇನ್ನು ಮುಗಿಯಿತು” ಅನ್ನುವುದು ಬೆಂಚಿನ ಲೆಕ್ಕ. 1996ರಲ್ಲಿ ನುಡೋ ಮತ್ತು ಸಂಗಡಿಗರು ಅಳಿಲುಕೋತಿಗಳ ಮಿದುಳಿನ ಕೈಯ ಭಾಗದಲ್ಲಿ ಸಣ್ಣ ಗಾಯ ಮಾಡಿ, ಆಮೇಲೆ ಆ ಕೈಯಿಂದಲೇ ಬಟ್ಟಲಿನ ಗುಳಿಗಳಿಂದ ತಿಂಡಿ ತೆಗೆಯುವ ಅಭ್ಯಾಸ ಮಾಡಿಸಿದರು. ಗಾಯದ ಸುತ್ತ ಉಳಿದಿದ್ದ ಕೈಯ ಪ್ರದೇಶ ಕುಗ್ಗಲಿಲ್ಲ, ಕೆಲವು ಕಡೆ ಮೊಣಕೈ, ಭುಜದ ಜಾಗಕ್ಕೂ ಹರಡಿತು. ಎಲ್ಲ ರೋಗಿಗಳಿಗೂ ಹೀಗೇ ಆಗುತ್ತದೆ ಅಂತಲ್ಲ. ಗಾಯ ಎಷ್ಟು ಆಳ ಎನ್ನುವುದೂ ಇದೆ. ಆದರೆ ಫಿಸಿಯೋಥೆರಪಿಯವರು ಕೊಟ್ಟ ಚೆಂಡನ್ನು ಹಿಚುಕಿ ಹಿಚುಕಿ ಬೇಸತ್ತ ಮುದುಕಿಗೆ ಮೊದಲು ತೋರಿಸಬೇಕಾದದ್ದು ಆ ಮಲಗಿದ ಪುಟ್ಟ ಮನುಷ್ಯನನ್ನಲ್ಲ, ಹರಡಿದ ಈ ನಕ್ಷೆಯನ್ನು.