ಓಕ್ ಮರದ ಇಪ್ಪತ್ನಾಲ್ಕು

ಓಕ್ ಕುಲದಲ್ಲಿ ನಾನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಮೆಕ್ಸಿಕೊದ ಬೆಟ್ಟಗಳಿಂದ ಉತ್ತರಾಖಂಡದ ಬಾಂಜ್ ಕಾಡುಗಳವರೆಗೆ ಅವು ಹಬ್ಬಿವೆ. (ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್ ಈ ಬಳಗದ್ದಲ್ಲ.) ಎಲೆ, ತೊಗಟೆ, ಎತ್ತರ ಎಲ್ಲದರಲ್ಲೂ ಒಂದಕ್ಕೊಂದು ಬೇರೆ. ಆದರೆ ಜೀವಕೋಶದೊಳಗಿನ ವರ್ಣತಂತುಗಳ ಸಂಖ್ಯೆ ಬಹುಮಟ್ಟಿಗೆ ಒಂದೇ: 24, ಅಂದರೆ 12 ಜೊತೆ. ವಿಲೋ, ಬರ್ಚ್ ಕುಲಗಳಲ್ಲಿ ಈ ಸಂಖ್ಯೆ ಪ್ರಭೇದದಿಂದ ಪ್ರಭೇದಕ್ಕೆ ಹಲವು ಪಟ್ಟು ಬೆಳೆದಿರುವುದನ್ನು ನೋಡಿದರೆ, ಓಕ್‌ನ ಈ ಸ್ಥಿರತೆ ನಿಜಕ್ಕೂ ಬೆರಗು ಹುಟ್ಟಿಸುತ್ತದೆ.

ಹೀಗಿದ್ದೂ ಒಂದೆರಡು ವರ್ಣತಂತು ಹೆಚ್ಚಾಗಿರುವ ಸಸಿಗಳ, ಕೆಲವೊಮ್ಮೆ 36 ಇರುವ ತ್ರಿಗುಣಿತಗಳ ವರದಿಗಳು ಬರುತ್ತಲೇ ಇವೆ. ಇವುಗಳಲ್ಲಿ ಯಾವುದನ್ನು ನಂಬಬೇಕು? ಎಣಿಸುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಮೊಳೆತ ಬೀಜದ ಬೇರಿನ ತುದಿಯನ್ನು ಕತ್ತರಿಸಿ, ಕೋಶ ವಿಭಜನೆಯನ್ನು ನಡುವೆಯೇ ತಡೆಯುವ ರಾಸಾಯನಿಕದಲ್ಲಿಟ್ಟು, ಆಮ್ಲದಲ್ಲಿ ಮೆದುಮಾಡಿ, ಬಣ್ಣ ಕೊಟ್ಟು, ಸ್ಲೈಡಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತಾರೆ. ಓಕ್‌ನ ವರ್ಣತಂತುಗಳು ತೀರಾ ಚಿಕ್ಕವು, ನೋಡಲು ಹೆಚ್ಚುಕಮ್ಮಿ ಒಂದೇ ತರಹ. ಒತ್ತುವಾಗ ಒಂದು ಪಕ್ಕಕ್ಕೆ ಸಿಡಿದರೆ 23. ಎರಡು ಒಂದರ ಮೇಲೊಂದು ಕೂತರೂ 23. ಪಕ್ಕದ ಕೋಶದ್ದೊಂದು ಸೇರಿಕೊಂಡರೆ 25. ನಾಲ್ಕಾರು ಕೋಶಗಳನ್ನಷ್ಟೇ ಎಣಿಸಿ ಹೆಚ್ಚುವರಿ ವರ್ಣತಂತು ಇದೆ ಎಂದು ಬರೆದುಬಿಡುವುದು ಆತುರದ ಮಾತು.

ಈ ದೃಷ್ಟಿಯಿಂದ ನನಗೆ ಮುಖ್ಯವೆನಿಸುವ ಕೆಲಸ ಎರಡು. 1999ರಲ್ಲಿ ಕ್ರೊಯೇಷಿಯಾದ ವ್ಲಾಟ್ಕಾ ಝೋಲ್ಡೋಶ್ ಮತ್ತು ಸಂಗಡಿಗರು 11 ಪ್ರಭೇದಗಳಲ್ಲಿ ರೈಬೋಸೋಮ್ ಜೀನುಗಳು ಯಾವ ವರ್ಣತಂತುವಿನ ಎಲ್ಲಿ ಕೂತಿವೆ ಎಂಬುದನ್ನು ಹೊಳೆಯುವ ಗುರುತುಗಳಿಂದ ತೋರಿಸಿದರು. ಜೋಡಣೆ ಎಲ್ಲದರಲ್ಲೂ ಬಹುತೇಕ ಒಂದೇ. ಸಂಖ್ಯೆಯಷ್ಟೇ ಅಲ್ಲ, ವಿನ್ಯಾಸವೂ ಉಳಿದುಬಂದಿದೆ ಎಂಬುದು ಬರೀ ಎಣಿಕೆಯಿಂದ ಎಂದೂ ಗೊತ್ತಾಗುತ್ತಿರಲಿಲ್ಲ. ಓಕ್ ಪ್ರಭೇದಗಳು ಪರಸ್ಪರ ಬೆರೆತು ಫಲವತ್ತಾದ ಮಿಶ್ರತಳಿಗಳನ್ನು ಕೊಡುವುದಕ್ಕೆ ಈ ಹೊಂದಾಣಿಕೆ ನೆರವಾಗಿರಬೇಕು.

ಇನ್ನೊಂದು, ಪೋಲೆಂಡಿನ ತಂಡ 2007ರಲ್ಲಿ 'ಆನಲ್ಸ್ ಆಫ್ ಬಾಟನಿ'ಯಲ್ಲಿ ಪ್ರಕಟಿಸಿದ ತ್ರಿಗುಣಿತ ಓಕ್‌ಗಳ ಅಧ್ಯಯನ. ಡಿಎನ್ಎಯಲ್ಲಿ ಮರುಕಳಿಸುವ ಚಿಕ್ಕ ತುಣುಕುಗಳನ್ನು ಹೋಲಿಸುವ ಮೈಕ್ರೋಸ್ಯಾಟಲೈಟ್ ಪರೀಕ್ಷೆಯಲ್ಲಿ ಒಂದೇ ಜಾಗದಲ್ಲಿ ಎರಡರ ಬದಲು ಮೂರು ರೂಪಗಳು ಕಂಡಾಗ ಅದನ್ನು ಪ್ರಯೋಗದ ದೋಷವೆಂದು ಬದಿಗೆ ಸರಿಸದೆ, ಕೋಶದ ಒಟ್ಟು ಡಿಎನ್ಎಯನ್ನು ಫ್ಲೋ ಸೈಟೋಮೆಟ್ರಿಯಿಂದ ಅಳೆದು ನೋಡಿದರು. ಎರಡು ಬೇರೆ ಬೇರೆ ದಾರಿಗಳು ಒಂದೇ ಉತ್ತರಕ್ಕೆ ಬಂದು ಮುಟ್ಟಿದ್ದರಿಂದಲೇ ಆ ತೀರ್ಮಾನ ಗಟ್ಟಿಯಾಗಿದೆ. ತ್ರಿಗುಣಿತ ಹುಟ್ಟುವುದು ಹೀಗೆ: ಅಂಡವೋ ಪರಾಗವೋ ಅರ್ಧಕ್ಕಿಳಿಯದೆ 24ನ್ನೇ ಹೊತ್ತು ಬಂದರೆ, ಇನ್ನೊಂದರ 12 ಸೇರಿ 36 ಆಗುತ್ತದೆ.

ಆದರೆ ಡಿಎನ್ಎ ಅಳೆಯುವ ಈ ವಿಧಾನಕ್ಕೂ ಮಿತಿಯಿದೆ. 12 ವರ್ಣತಂತುಗಳ ಪೂರ್ತಿ ಒಂದು ಗಣ ಹೆಚ್ಚಾದರೆ ಡಿಎನ್ಎ ಒಂದೂವರೆ ಪಟ್ಟಾಗಿ ಎದ್ದು ಕಾಣುತ್ತದೆ. ಒಂದೇ ವರ್ಣತಂತು ಹೆಚ್ಚಾದರೆ ಏರಿಕೆ ಸರಾಸರಿ ಶೇ. 4ರಷ್ಟು ಮಾತ್ರ, ಅಳತೆಯ ಏರುಪೇರಿನಲ್ಲೇ ಅದು ಮುಚ್ಚಿಹೋಗಬಹುದು. ಅಲ್ಲಿ ಸೂಕ್ಷ್ಮದರ್ಶಕಕ್ಕೇ ಮರಳಬೇಕು. 25 ಎಂದು ಬರೆಯುವವರು ಎಷ್ಟು ಬೇರುಗಳು, ಎಷ್ಟು ಕೋಶಗಳು, ತಾಯಿಮರ ಯಾವುದು ಎಂಬುದನ್ನೂ ಜೊತೆಗೇ ಬರೆಯಲಿ.