ಕಂಪ್ಯೂಟರಿಗೂ ಒಬ್ಬ ಮುಯ್ಯಾಳು

ಹುಣಸೂರು ತಾಲ್ಲೂಕಿನ ಗುರುಪುರ ಟಿಬೆಟನ್ ಕ್ಯಾಂಪಿನ ಗ್ಯೂಮೆ ಮಠ 1433ರಲ್ಲಿ ಟಿಬೆಟ್ಟಿನಲ್ಲಿ ಶುರುವಾದದ್ದು. ಇಲ್ಲಿ ನೆಲೆಗೊಂಡದ್ದು 1970ರ ದಶಕದಲ್ಲಿ. ಅಲ್ಲಿನ ಭಿಕ್ಷುಗಳು ಮಂದ್ರಕ್ಕಿಂತಲೂ ಕೆಳಗಿಳಿದು ಮಂತ್ರ ಪಠಿಸುವಾಗ, ಒಂದೇ ಕಂಠದಲ್ಲಿ ಮೂಲಸ್ವರವೂ ಅದರ ಉಪಸ್ವರಗಳೂ ಬೇರೆಬೇರೆಯಾಗಿ ಕೇಳುತ್ತವೆ. ಇಂಥ ಪಠಣಕ್ಕೆ ಮೈದುಂಬುವುದು ಮಂದಿರದ ಅನುರಣನ.

ಆ ಅನುರಣನವನ್ನು ಮನೆಯ ಸ್ಟುಡಿಯೋದಲ್ಲಿ ಕಟ್ಟಿಕೊಡುವುದು ಕನ್ವಲ್ಯೂಷನ್ ರಿವರ್ಬ್ ಎಂಬ ತಂತ್ರಾಂಶ, ಮಂದಿರದಲ್ಲಿ ಮುದ್ರಿಸಿಕೊಂಡ ಮೊಳಗಿನ ನೆರವಿನಿಂದ. ಮೊಳಗು ಎಂಟು ಸೆಕೆಂಡ್ ಉಳಿಯುತ್ತದೆ ಎಂದಿಟ್ಟುಕೊಳ್ಳಿ. 48 ಕಿಲೋಹರ್ಟ್ಸ್‌ನಲ್ಲಿ ಅದು 3,84,000 ಸ್ಯಾಂಪಲ್. ದನಿಯ ಪ್ರತಿ ಸ್ಯಾಂಪಲ್ಲಿಗೂ ಕಂಪ್ಯೂಟರ್ ಅಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು; ಗಣಿತದ ಅಡ್ಡದಾರಿ ಹಿಡಿದರೂ ಹೊರೆ ಹೊರೆಯೇ. ಮೊಳಗನ್ನು ಮೊಟಕು ಮಾಡಿದರೆ ಹೊರೆ ಇಳಿಯುತ್ತದೆ, ನಿಜ. ಆದರೆ ಪಠಣ ನಿಂತ ಕೂಡಲೇ ಆ ಕೊರತೆ ಕಿವಿಗೆ ಬೀಳುತ್ತದೆ. ಇದರ ಮೇಲೆ ವಾದ್ಯವೃಂದದ ಸ್ಯಾಂಪಲ್ ಲೈಬ್ರರಿಯನ್ನೂ ತೆರೆದರೆ ಹಳೇ ಲ್ಯಾಪ್‌ಟಾಪ್ ಕಟಕಟ ಸದ್ದು ಹೊರಡಿಸುತ್ತದೆ.

ಮೂಲೆ ಸೇರಿದ ಇನ್ನೊಂದು ಕಂಪ್ಯೂಟರನ್ನು ಮುಯ್ಯಾಳಾಗಿ ಕರೆಯುವುದು ಆಗಲೇ. ಸಂಗೀತ ತಂತ್ರಾಂಶದ ಕಂಪನಿ ಸ್ಟೈನ್‌ಬರ್ಗ್‌ನ ವಿಎಸ್‌ಟಿ ಸಿಸ್ಟಮ್ ಲಿಂಕ್ ಡಿಜಿಟಲ್ ಆಡಿಯೋ ಕೇಬಲ್ಲಿನಲ್ಲೇ ಯಂತ್ರಗಳ ತಾಳ ಕೂಡಿಸಿತು. 2004ರ ಲಾಜಿಕ್ ಪ್ರೊ 7 ನೆಟ್‌ವರ್ಕಿನ ಬೇರೆ ಮ್ಯಾಕ್‌ಗಳಿಗೆ ಹೊರೆ ಹಂಚಿತು. ಈಗ ಸಿನಿಮಾ ಸಂಗೀತಗಾರರು ನೆಚ್ಚಿರುವುದು ವಿಯೆನ್ನಾ ಎನ್ಸೆಂಬಲ್ ಪ್ರೊ; ಬಿಟ್ಟಿ ಬೇಕೆನ್ನುವವರಿಗೆ ಆಡಿಯೋಗ್ರಿಡರ್ ಇದೆ.

ಇಲ್ಲಿ ಕೇಬಲ್ಲಿನ ಚಿಂತೆ ಬೇಡ. 32 ಬಿಟ್‌ನ ಒಂದು ಚಾನೆಲ್ಲಿಗೆ ಬೇಕಾದದ್ದು ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್, ಗಿಗಾಬಿಟ್ ಕೇಬಲ್ಲಿಗೆ ನೂರು ಚಾನೆಲ್ಲೂ ಹಗುರ. ತೊಡಕೇನಿದ್ದರೂ ತಡದ್ದು. 512 ಸ್ಯಾಂಪಲ್ ಬಫರ್ ಒಂದೇ 10.7 ಮಿಲಿಸೆಕೆಂಡ್ ನುಂಗುತ್ತದೆ. ಮಿಕ್ಸಿಂಗ್ ಹೊತ್ತಿನಲ್ಲಿ ತಂತ್ರಾಂಶ ಅದನ್ನು ಸರಿದೂಗಿಸುತ್ತದೆ, ಆದರೆ ಹೆಡ್‌ಫೋನ್ ಹಾಕಿಕೊಂಡು ಹಾಡುತ್ತಿರುವವರಿಗೆ ತಮ್ಮ ದನಿಯೇ ಹಿಂದೆ ಬಿದ್ದಂತಾಗುತ್ತದೆ. ಹಾಗಾಗಿ ಧ್ವನಿಮುದ್ರಣ ಮುಖ್ಯ ಯಂತ್ರದಲ್ಲೇ ನಡೆಯಲಿ. ರಿವರ್ಬ್ ಮತ್ತು ಲೈಬ್ರರಿಗಳು ಎರಡನೆಯದಕ್ಕೆ ಹೋಗಲಿ. ವೈಫೈಯನ್ನಂತೂ ನಂಬಬೇಡಿ.

ಇಷ್ಟಕ್ಕೆ ಕೈ ಹಾಕುವ ಮುಂಚೆ ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ, ಅಂದರೆ ಎಫೆಕ್ಟ್ ಸಮೇತ ಆಡಿಯೋ ಆಗಿ ಬರೆದಿಟ್ಟು, ನೋಡಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದರೆ ಜೋಡಿಸಿ, ಬಿಟ್ಟಿ ತಂತ್ರಾಂಶ ಸಾಕೆಂದರೆ ಖರ್ಚು ಒಂದು ಕೇಬಲ್ಲಿನದಷ್ಟೇ. ಇದಕ್ಕೆಂದೇ ಎರಡನೆಯದನ್ನು ಕೊಳ್ಳುವ ಯೋಚನೆಯಿದ್ದರೆ ಮಾತ್ರ ಕೈಬಿಡಿ. ಆ ದುಡ್ಡನ್ನು ಮೊದಲನೆಯದರ ರ್‍ಯಾಮ್ ಹೆಚ್ಚಿಸಲು ಹಾಕುವುದೇ ಮೇಲು.